ರಾತ್ರಿ ಕಾಲಿಗೆ ಎಣ್ಣೆಯೋ, ಬಿಸಿನೀರೋ, ಮಾತ್ರೆಯೋ?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ ನನ್ನದು. ಹಗಲೆಲ್ಲ ಮಷೀನ್ ಮುಂದೆ ಕೂತರೂ ಕಾಲಿನದೇನೂ ತಕರಾರಿಲ್ಲ. ರಾತ್ರಿ ಮಲಗಿದ ಹತ್ತೇ ನಿಮಿಷಕ್ಕೆ ಶುರು. ನೋವಲ್ಲ. ಮೀನಖಂಡದ ಒಳಗೆ ಇರುವೆ ಹರಿದ ಹಾಗೆ. ಕಾಲು ಝಾಡಿಸದೆ ಇರೋಕಾಗಲ್ಲ. ಎದ್ದು ಓಡಾಡಿದರೆ ಮಾಯ, ಮಲಗಿದರೆ ಮತ್ತೆ ಹಾಜರು.

ಮೊದಲು ಅತ್ತೆಯವರ ಬೆಚ್ಚಗಿನ ಎಳ್ಳೆಣ್ಣೆ. ತಿಕ್ಕುವಷ್ಟು ಹೊತ್ತು ಸುಖವೋ ಸುಖ. ಅವರು ಕೈ ತೆಗೆದರೆ ಕಾಲು ಮತ್ತೆ ಎದ್ದು ಕೂರುತ್ತಿತ್ತು. ಮೇಲೆ ನಮ್ಮೂರ ಬೇಸಿಗೆ, ಫ್ಯಾನ್ ಗಾಳಿಯೂ ಬಿಸಿ, ಹಾಸಿಗೆಯೆಲ್ಲ ಜಿಡ್ಡು. (ಒಂದೇ ಕಾಲು ಊದಿ, ಬಿಸಿಯಾಗಿ ನೋಯುತ್ತಿದ್ದರೆ ಮಾತ್ರ ತಿಕ್ಕಲೇಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಆಸ್ಪತ್ರೆಗೆ ಹೋಗಿ.)

ಬಕೆಟ್ ಬಿಸಿನೀರು ಎಣ್ಣೆಗಿಂತ ವಾಸಿ. ಹದಿನೈದು ನಿಮಿಷ ಕಾಲಿಟ್ಟರೆ ಅರ್ಧ ಗಂಟೆ ನೆಮ್ಮದಿ. ಅಷ್ಟರೊಳಗೆ ನಿದ್ದೆ ಹತ್ತಿದರೆ ಗೆದ್ದೆ. ಮೇ ತಿಂಗಳಲ್ಲಿ ತಣ್ಣೀರಿಗೂ ಅಷ್ಟೇ ಗುಣ ಸಿಕ್ಕಿತು.

ಗೋಡೆಗೆ ಕೈ ಕೊಟ್ಟು, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ ಅರ್ಧ ನಿಮಿಷ ನಿಲ್ಲುವುದನ್ನೂ ಮಾಡಿದೆ. ಮೀನಖಂಡ ಗಂಟು ಕಟ್ಟಿ ಹಿಡಿದುಕೊಳ್ಳುತ್ತಲ್ಲ, ಅದಕ್ಕೆ ಇದು ಒಳ್ಳೆಯದು. ನನ್ನ ಕಾಟವೇ ಬೇರೆ, ಅಷ್ಟೇನೂ ಕೇಳಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ನಾನೇ ಕಂಡುಕೊಂಡ ಉಪಾಯ. ನಿದ್ದೆ ಬರಲಿ ಅಂತ ಮಂಪರು ಬರಿಸುವ ನೆಗಡಿ ಮಾತ್ರೆ ನುಂಗಿದೆ. ಕಣ್ಣು ಎಳೆಯುತ್ತಿದೆ, ಕಾಲು ಕುಣಿಯುತ್ತಿದೆ! ಇಂಥ ಕಾಲಿಗೆ ಆ ಮಾತ್ರೆ ಆಗಿಬರಲ್ಲ ಅಂತ ಆಮೇಲೆ ಡಾಕ್ಟರು ಹೇಳಿದರು. ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್, ಅಂದರೆ ಚಡಪಡಿಸುವ ಕಾಲು ಅಂತ ಹೆಸರು, 1945ರಲ್ಲೇ ಸ್ವೀಡನ್ನಿನ ಏಕ್‌ಬಾಮ್ ಅನ್ನುವ ವೈದ್ಯರು ಇದನ್ನು ವಿವರವಾಗಿ ಬರೆದಿದ್ದಾರೆ ಅಂದರು. ನಾನೋ, ಜಗತ್ತಿಗೆಲ್ಲ ನನ್ನೊಬ್ಬಳದೇ ಕಾಲು ಹೀಗೆ ಅಂದುಕೊಂಡಿದ್ದೆ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12.1, ಪರವಾಗಿಲ್ಲ. ಮೈ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್ ಮಾತ್ರ 18. ಅಂದರೆ ಅಂಗಡಿಯಲ್ಲಿ ಮಾಲಿದೆ, ಗೋಡೌನ್ ಖಾಲಿ. ಈ ತೊಂದರೆ ಇರುವವರಿಗೆ 75 ದಾಟಿದರೆ ಒಳ್ಳೆಯದಂತೆ. ಕಬ್ಬಿಣದ ಮಾತ್ರೆ ದಿನ ಬಿಟ್ಟು ದಿನ, ನಿಂಬೆ ಶರಬತ್ತಿನ ಜೊತೆ. ಚಹಾ ಅದರ ಹತ್ತಿರ ಸುಳಿಯಬಾರದು, ಕಬ್ಬಿಣ ಮೈಗೆ ಹತ್ತೋಕೆ ಬಿಡಲ್ಲ. ಮಿರ್ಚಿ ಜೊತೆಗಿನ ಸಂಜೆ ಚಹಾ ಉಳಿಸಿಕೊಂಡು, ರಾತ್ರಿ ಒಂಬತ್ತರದ್ದು ಬಿಟ್ಟೆ. ಮಲ ಕಪ್ಪಾಗುತ್ತೆ, ಹೊಟ್ಟೆ ಸ್ವಲ್ಪ ಬಿಗಿಯುತ್ತೆ. ಮೊದಲ ಮೂರು ವಾರ ಏನೂ ಇಲ್ಲ, ದುಡ್ಡು ದಂಡ ಅನ್ನಿಸಿತು. ಎರಡು ತಿಂಗಳಿಗೆ ದಿನಾ ಇದ್ದ ಕಾಟ ವಾರಕ್ಕೆ ಎರಡು ರಾತ್ರಿಗೆ ಇಳಿಯಿತು. ಪರೀಕ್ಷೆ ಮಾಡಿಸದೆ ಸುಮ್ನೆ ನುಂಗಬೇಡಿ, ಕಬ್ಬಿಣ ಜಾಸ್ತಿಯಾದರೂ ಕಷ್ಟ.

ಆ ಎರಡು ರಾತ್ರಿಗೆ ಬಕೆಟ್ ಇದೆ. "ಎಣ್ಣಿ ಕಾಯಿಸ್ಲೇನವ್ವ?" ಅಂತ ಅತ್ತೆ ಈಗಲೂ ಕೇಳುತ್ತಾರೆ. ಬೇಡ ಅನ್ನೋಕೆ ಬಾಯಿ ಬರಲ್ಲ.