ಆಯಿಗೆ ಮೂರು ಕಡೆ ಆರೈಕೆ: ರಾತ್ರಿ ಎರಡು ಗಂಟೆಗೆ ಎಚ್ಚರ ಇರುವವರು ಯಾರು?

ಹೋದ ವರ್ಷ ಆಷಾಢದ ಮಳೆಯಲ್ಲಿ ನಮ್ಮ ಆಯಿ, ಅಂದರೆ ಅಮ್ಮ, ಬಚ್ಚಲಲ್ಲಿ ಜಾರಿ ಬಿದ್ದಳು. ವಯಸ್ಸು 81. ಸೊಂಟದ ಮೂಳೆ ಮುರಿದಿತ್ತು, ಹುಬ್ಬಳ್ಳಿಗೆ ಒಯ್ದು ಆಪರೇಶನ್ ಮಾಡಿಸಿದೆವು. ಅಲ್ಲಿಂದ ಬಿಡುವಾಗ ಡಾಕ್ಟರು ಒಂದೇ ಮಾತು ಒತ್ತಿ ಹೇಳಿದ್ದರು: ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಹಗಲು ಬಿಡಿ, ಹೇಗೋ ಆಗುತ್ತದೆ. ರಾತ್ರಿ?

ಆವತ್ತಿನಿಂದ ಇವತ್ತಿನವರೆಗೆ ಮೂರು ಬಗೆಯ ವ್ಯವಸ್ಥೆ ನೋಡಿದ್ದಾಯಿತು. ಶಿರಸಿಯ ಒಂದು ನರ್ಸಿಂಗ್ ಹೋಂ, ಘಟ್ಟ ಇಳಿದು ಕುಮಟಾ ಕಡೆಯ ಒಂದು ಆರೈಕೆ ಕೇಂದ್ರ, ಆಮೇಲೆ ಮನೆಗೇ ಬಂದ ಹೋಂ ನರ್ಸ್. ಹೆಸರು ಯಾವುದನ್ನೂ ಹೇಳುವುದಿಲ್ಲ.

ಮೊದಲು ನರ್ಸಿಂಗ್ ಹೋಂ. ಹನ್ನೊಂದು ದಿನ ಇದ್ದೆವು. ಡ್ರೆಸ್ಸಿಂಗ್ ವಿಷಯದಲ್ಲಿ ಬೆರಳು ತೋರಿಸುವ ಹಾಗಿಲ್ಲ. ಡಾಕ್ಟರು ದಿನಕ್ಕೆ ಎರಡು ಸಲ ಬರುತ್ತಿದ್ದರು, ಬಿಪಿ, ಜ್ವರ, ಮೂತ್ರದ ಲೆಕ್ಕ ಎಲ್ಲ ಬರೆದಿಡುತ್ತಿದ್ದರು. ಆದರೆ ರಾತ್ರಿ ಎಂಟರ ನಂತರ ಹದಿನಾಲ್ಕು ಹಾಸಿಗೆಗೆ ಒಬ್ಬಳು ಸಿಸ್ಟರ್, ಒಬ್ಬಳು ಆಯಾ. ಯಾರಾದರೂ ಎಮರ್ಜೆನ್ಸಿ ಅಂತ ಬಂದರೆ ಆ ಸಿಸ್ಟರೂ ಕೆಳಗೆ ಹೋಗಬೇಕು. ಆಯಿಯ ಮಂಚದ ತುದಿಗೆ ಮಗ್ಗಲು ಬದಲಿಸಿದ ಚಾರ್ಟ್ ನೇತುಹಾಕಿದ್ದರು, ನೋಡಿ ನನಗೆ ಖುಷಿಯೇ ಆಗಿತ್ತು. ನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ನಾನು ಬೆಂಚಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ, ಎಚ್ಚರ ಇತ್ತು. ಆಯಾ ಬಂದು ಚಾರ್ಟ್ ತೆಗೆದುಕೊಂಡಳು. ನಿಂತಲ್ಲೇ, ಒಂದೇ ಪೆನ್ನಿನಲ್ಲಿ, ಹತ್ತು ಗಂಟೆ ಎಡ, ಹನ್ನೆರಡು ಬಲ, ಎರಡು ಎಡ, ನಾಲ್ಕು ಬಲ ಅಂತ ಇಡೀ ರಾತ್ರಿಯನ್ನು ಅರ್ಧ ನಿಮಿಷದಲ್ಲಿ ಬರೆದು ಮುಗಿಸಿದಳು. ಹನ್ನೆರಡರ ನಂತರ ಆ ರೂಮಿಗೆ ಯಾರೂ ಬಂದಿರಲಿಲ್ಲ. ಎರಡಕ್ಕೆ ಮಗ್ಗಲು ತಿರುಗಿಸಿದ್ದು ನಾನು, ಅದೂ ಬಲಕ್ಕೆ. ಅವಳ ಮೇಲೆ ಸಿಟ್ಟು ಬರಲಿಲ್ಲ, ಪಾಪ, ಹಗಲೂ ಅವಳನ್ನೇ ನೋಡಿದ್ದೆ.

ತಪಾಸಣೆ ಇಲ್ಲ ಅಂತಲ್ಲ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ 2007ರ ಕಾಯ್ದೆ ಇದೆ, ಎಲ್ಲರೂ ಕೆಪಿಎಂಇ ಅನ್ನುತ್ತಾರೆ. ನೋಂದಣಿ ಮಾಡಿಸಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ದರಪಟ್ಟಿ ಕಾಣುವ ಹಾಗೆ ಹಾಕಬೇಕು. ಇಲ್ಲೂ ಕ್ಯಾಶ್ ಕೌಂಟರಿನ ಮೇಲೆ ಫ್ರೇಮ್ ಹಾಕಿದ ಸರ್ಟಿಫಿಕೇಟ್ ಇತ್ತು. ನಾವಿದ್ದಾಗಲೇ ಒಂದು ದಿನ ನೋಡಲು ಜನ ಬಂದರು. ಹನ್ನೊಂದಕ್ಕೆ ಬಂದು, ಹಳದಿ ಕೆಂಪು ಕಸದ ಬಕೆಟ್ ನೋಡಿ, ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ನೋಡಿ, ಫೈಲು ತಿರುವಿ, ಊಟದ ಹೊತ್ತಿಗೆ ಹೋದರು. ಆವತ್ತು ವಾರ್ಡಿನಲ್ಲಿ ಆರು ಜನ ಸಿಸ್ಟರ್ ಇದ್ದರು. ಅದರಲ್ಲಿ ಇಬ್ಬರನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ದೂರು ಕೊಡುವುದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರ ಇದೆ, ಕಾರವಾರದಲ್ಲಿ. ಇಲ್ಲಿಂದ ನೂರು ಕಿಲೋಮೀಟರಿಗೂ ಜಾಸ್ತಿ. ನಾನು ಕೊಡಲಿಲ್ಲ, ದೂರ ಅಂತಲ್ಲ, ನಾಳೆ ಜ್ವರ ಬಂದರೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕಲ್ವಾ. ಶಿರಸಿ ಎಷ್ಟು ದೊಡ್ಡ ಊರು ಹೇಳಿ.

ಎರಡನೆಯದು ಕುಮಟಾ ಕಡೆಯ ಕೇಂದ್ರ. ತಿಂಗಳಿಗೆ 22,000 ಕೊಟ್ಟೆವು, ಡಯಾಪರ್ ಔಷಧಿ ಬೇರೆ. ಹಳೇ ಮನೆ, ಸುತ್ತ ತೆಂಗು, ಸಂಜೆ ಭಜನೆ. ಆಯಿಗೆ ಮೊದಲ ವಾರ ಸೆಖೆಯದ್ದೇ ರಗಳೆ, ಎರಡನೇ ವಾರದಿಂದ ಕವಳದ, ಅಂದರೆ ಎಲೆ ಅಡಿಕೆಯ ರಗಳೆ. ಅಲ್ಲಿ ಕವಳ ಹಾಕಲು ಬಿಡುತ್ತಿರಲಿಲ್ಲ. ಇಪ್ಪತ್ತಾರು ಜನಕ್ಕೆ ನಾಲ್ಕು ಹೆಂಗಸರು, ನರ್ಸು ವಾರಕ್ಕೆ ಎರಡು ಸಲ ಬಂದು ಹೋಗುವುದು. ಕಾಗದದ ಮೇಲೆ ನೋಡಿದರೆ ನರ್ಸಿಂಗ್ ಹೋಂನ ಹತ್ತಿರವೂ ಬರುವುದಿಲ್ಲ.

ಆದರೆ ಅಲ್ಲಿ ಒಬ್ಬಳು ಅಕ್ಕ ಇದ್ದಳು. ಯಾವ ಟ್ರೇನಿಂಗೂ ಆಗಿಲ್ಲ. ರಾತ್ರಿ ಹಾಲಿನ ನಡುವೆ ಚಾಪೆ ಹಾಕಿ ಮಲಗುತ್ತಿದ್ದಳು, ಯಾರು ನರಳಿದರೂ ಕೇಳುವ ಹಾಗೆ. ಪ್ರತಿ ಸಲ ಎದ್ದಾಗ ಆಯಿಯ ಮಗ್ಗಲನ್ನೂ ತಿರುಗಿಸಿ, ಕಾಲ ನಡುವೆ ದಿಂಬು ಸರಿಮಾಡಿ, ಬೆನ್ನ ಕೆಳಗೆ ಕೈ ಹಾಕಿ ಒದ್ದೆ ಇದೆಯಾ ನೋಡುತ್ತಿದ್ದಳು. ನಾನು ಒಂದು ರಾತ್ರಿ ಅಲ್ಲೇ ಉಳಿದು ಲೆಕ್ಕ ಹಾಕಿದೆ, ಐದು ಸಲ ಎದ್ದಳು. ಚಾರ್ಟೂ ಇಲ್ಲ, ಎಂತದೂ ಇಲ್ಲ. ಎರಡೂವರೆ ತಿಂಗಳಲ್ಲಿ ಆಯಿಯ ಬೆನ್ನು ಒಂದು ದಿನವೂ ಕೆಂಪಾಗಲಿಲ್ಲ. ಕದ್ದು ಕವಳ ಕುಟ್ಟಿ ಕೊಡುತ್ತಿದ್ದಳು ಅಂತ ಆಮೇಲೆ ಗೊತ್ತಾಯಿತು.

ಇದರ ಇನ್ನೊಂದು ಮುಖವೂ ಹೇಳಬೇಕು. ಚೌತಿಗೆ ಆ ಅಕ್ಕ ಎಂಟು ದಿನ ಊರಿಗೆ ಹೋದಳು. ಅಷ್ಟರಲ್ಲಿ ಆಯಿಗೆ ಮೂತ್ರದ ಸೋಂಕು. ಫೋನ್ ಮಾಡಿದರೆ 'ಸ್ವಲ್ಪ ಮಂಪರು ಅಷ್ಟೇ' ಅನ್ನುತ್ತಿದ್ದರು. ಮೂರನೇ ದಿನ ಹೋಗಿ ಹಣೆ ಮುಟ್ಟಿದರೆ ಕೆಂಡ. ಜ್ವರ ನೋಡುವ ಪದ್ಧತಿಯೇ ಇರಲಿಲ್ಲ, ಥರ್ಮಾಮೀಟರ್ ಆಫೀಸಿನ ಬೀರುವಿನೊಳಗೆ, ಬೀಗದ ಕೈ ನರ್ಸಿನ ಹತ್ತಿರ. ಇಂಥ ಕಡೆ ಬಂದು ಕೇಳುವವರು ಯಾರು? ನಾವಿದ್ದಷ್ಟು ದಿನ ಯಾರೂ ಬಂದಿದ್ದು ಕಾಣಲಿಲ್ಲ. ಖಾಸಗಿ ಆರೈಕೆ ಕೇಂದ್ರಗಳೂ, ಮನೆಗೆ ಆಳು ಕಳಿಸುವ ಏಜೆನ್ಸಿಗಳೂ ನೋಂದಣಿ ಮಾಡಿಸಬೇಕು ಅಂತ ಹಿರಿಯ ನಾಗರಿಕರ ಕಾಯ್ದೆಗೆ ತಿದ್ದುಪಡಿ ತರುವ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತ್ತು. ಪಾಸಾಗಲಿಲ್ಲ, 2024ರಲ್ಲಿ ಆ ಲೋಕಸಭೆಯ ಜೊತೆಗೇ ಬಿದ್ದುಹೋಯಿತು.

ದೀಪಾವಳಿಗೆ ಆಯಿಯನ್ನು ಮನೆಗೆ ಕರೆತಂದು ಹೋಂ ನರ್ಸ್ ಇಟ್ಟೆವು. ತಿಂಗಳಿಗೆ 24,000, ಇಪ್ಪತ್ನಾಲ್ಕು ತಾಸಿನ ಡ್ಯೂಟಿ ಅಂತ ಏಜೆನ್ಸಿಯವರ ಮಾತು. ನಾಲ್ಕು ತಿಂಗಳಲ್ಲಿ ಐದು ಹುಡುಗಿಯರು ಬದಲಾದರು. ಒಬ್ಬಳಿಗೆ ಬಿಪಿ ಮಷಿನ್ ಕಟ್ಟಲು ಬರುತ್ತಿರಲಿಲ್ಲ, ನನ್ನ ಹೆಂಡತಿಯೇ ಕಲಿಸಿದಳು. ಮೂರನೆಯವಳು ಒಳ್ಳೆಯವಳು, ಅವಳ ಕೈಗೆ ಬರುವುದು 15,000 ಅಂತ ಅವಳೇ ಹೇಳಿದಳು. ಇಪ್ಪತ್ನಾಲ್ಕು ತಾಸು ಅನ್ನುವುದೇ ಸುಳ್ಳು ಲೆಕ್ಕ. ಹಗಲಿಡೀ ದುಡಿದವಳು ರಾತ್ರಿ ಮಲಗಲೇಬೇಕು, ನಾವಾದರೂ ಮಲಗುವುದಿಲ್ವಾ. ಹಾಗಾಗಿ ರಾತ್ರಿ ಪಾಳಿ ನನ್ನದು ಮತ್ತು ಹೆಂಡತಿಯದು, ಅಲಾರಾಂ ಇಟ್ಟು.

ಗಾಳಿ ಹಾಸಿಗೆ ತಂದರೆ ಏಳುವುದು ತಪ್ಪುತ್ತದೆ ಅಂತ ಯಾರೋ ಹೇಳಿದ್ದು ನಂಬಿದ್ದೆ. ತಪ್ಪುವುದಿಲ್ಲ. ಅದರ ಪಂಪು ಕರೆಂಟಿನ ಮೇಲೆ ಗುಂಯ್ ಅನ್ನುತ್ತಾ ಇರಬೇಕು. ನಮ್ಮಲ್ಲಿ ಜೂನ್ ಬಂದರೆ ಮರ ಬಿದ್ದು ಕರೆಂಟು ಎರಡು ದಿನ ಇಲ್ಲ. ಇನ್ವರ್ಟರ್ ಕೈ ಕೊಟ್ಟ ರಾತ್ರಿ ಹಾಸಿಗೆ ಮೆತ್ತಗೆ ಇಳಿದು ಆಯಿ ಹಲಗೆಗೆ ತಾಗಿಕೊಂಡಿದ್ದಳು. ಪಂಪಿನ ಸದ್ದು ನಿಂತದ್ದಕ್ಕೇ ನನಗೆ ಎಚ್ಚರವಾಯಿತು.

ಯಾವುದು ಒಳ್ಳೆಯದು ಅಂತ ಕೇಳಿದರೆ, ಗಾಯ, ಜ್ವರ, ಡ್ರಿಪ್ ಇದ್ದಷ್ಟು ದಿನ ನರ್ಸಿಂಗ್ ಹೋಂ ಬೇಕೇ ಬೇಕು, ಜೊತೆಗೆ ಮನೆಯವರೂ ಇರಬೇಕು. ಹೋಂ ನರ್ಸಿಗೆ ಅಷ್ಟು ದುಡ್ಡು ಕೊಡುವುದಕ್ಕಿಂತ ಹಗಲಿಗೆ ಮಾತ್ರ ಊರಿನ ಹೆಂಗಸನ್ನು ಇಟ್ಟುಕೊಳ್ಳುವುದು ವಾಸಿ, ನಾವು ಈಗ ಹಾಗೇ ಮಾಡಿದ್ದೇವೆ. ಆರೈಕೆ ಕೇಂದ್ರ ನೋಡಲು ಹೋಗುವವರು ಹಗಲು ಹೋಗಿ ಗಾರ್ಡನ್ ನೋಡಿ ಬರಬೇಡಿ, ರಾತ್ರಿ ಒಂಬತ್ತರ ಮೇಲೆ ಹೋಗಿ. ಒಳಗೆ ಬಿಡದಿದ್ದರೆ ಅದೇ ಉತ್ತರ. ಹಿರಿಯರಿಗೆ ತೊಂದರೆಯಾದರೆ 14567ಕ್ಕೆ ಫೋನ್ ಮಾಡಬಹುದು, ಆದರೆ ಅದೂ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ.

ಇನ್ನು ಸ್ವಲ್ಪ ದಿನಕ್ಕೆ ಕೊನೆಕೊಯ್ಲು ಶುರು. ಅಡಿಕೆ ಸುಲಿಯುವ, ಬೇಯಿಸುವ ಗಡಿಬಿಡಿಯಲ್ಲಿ ರಾತ್ರಿ ಏಳುವುದು ಇಬ್ಬರಿಗೂ ಆಗುವುದಿಲ್ಲ. ಎರಡು ತಿಂಗಳ ಮಟ್ಟಿಗೆ ಆಯಿಯನ್ನು ಮತ್ತೆ ಕುಮಟಾ ಕಡೆಗೇ ಕಳಿಸುವುದು ಅಂತ ಆಗಿದೆ. ಮೊನ್ನೆ ಫೋನ್ ಮಾಡಿ ಒಂದೇ ಕೇಳಿದೆ, ಆ ಅಕ್ಕ ಇದ್ದಾಳಾ ಅಂತ. ಇದ್ದಾಳಂತೆ. ಥರ್ಮಾಮೀಟರ್ ನಾನೇ ತೆಗೆದುಕೊಂಡು ಹೋಗುತ್ತೇನೆ.