ನಾಕಾದಲ್ಲಿ ಯಾವ ಆ್ಯಪ್ ತೆರೆಯಬೇಕು?

ಪುಣೆಯ ಲೇಬರ್ ನಾಕಾದಲ್ಲಿ, ಅಂದರೆ ಕೂಲಿ ಕೆಲಸಕ್ಕಾಗಿ ಜನ ಬಂದು ನಿಲ್ಲುವ ಜಾಗದಲ್ಲಿ, ಬೆಳಿಗ್ಗೆ ನಿಂತರೆ ಯಾದಗಿರಿ, ಕಲಬುರಗಿ ಕಡೆಯ ಮಾತು ಕಿವಿಗೆ ಬೀಳುತ್ತದೆ. ಇವರಿಗೆ ಸರ್ಕಾರಿ ಯೋಜನೆ ತಿಳಿಸಲು ಹೊರಟಿದ್ದೀರಾ?

2022ರಲ್ಲಿ ಬಂದ ಕೇಂದ್ರ ಸರ್ಕಾರದ ಮೈಸ್ಕೀಮ್ ಜಾಲತಾಣ ಉಚಿತ. ವಯಸ್ಸು, ರಾಜ್ಯ, ಕೆಲಸ ಹಾಕಿದರೆ ಹೊಂದುವ ಯೋಜನೆಗಳ ಪಟ್ಟಿ ಬರುತ್ತದೆ. ಸುಮ್ನೆ ಹುಡುಕಲು ಇಷ್ಟು ಸಾಕು. ಹಕ್‌ದರ್ಶಕ್ ಅನ್ನೋ ಆ್ಯಪ್ ಬೇರೆ ಥರ. ತರಬೇತಿ ಪಡೆದ ಕಾರ್ಯಕರ್ತರು ಪ್ರಶ್ನೆ ಕೇಳುತ್ತಾ ಅರ್ಹತೆ ನೋಡುತ್ತಾರೆ, ಅರ್ಜಿ ಹಾಕಲೂ ನೆರವಾಗುತ್ತಾರೆ. ದಿನಾ ಇದೇ ಕೆಲಸವಾದರೆ ನನ್ನ ಆಯ್ಕೆ ಇದೇ.

ಆದರೆ ವಿವರಿಸುವ ಕೆಲಸ ನಿಮ್ಮದೇ. ಪ್ಲಾಸ್ಟಿಕ್ ಕವರಿನಿಂದ ಆಧಾರ್ ತೆಗೆದು ನಿಂತ ಅಕ್ಕನಿಗೆ 'ಅರ್ಹತಾ ಮಾನದಂಡ' ಅಂದರೆ ಏನು ತಿಳಿಯುತ್ತೆ? "ಅಕ್ಕಾ, ಹೋದ ವರ್ಷದಾಗ 90 ದಿನ ಕಟ್ಟಡ ಕೆಲಸ ಮಾಡೀರೇನು?" ಅಂತ ಕೇಳಿ. ಕಟ್ಟಡ ಕಾರ್ಮಿಕರ ನೋಂದಣಿಗೆ ಬೇಕಾದದ್ದು ಅದೇ, ಜೊತೆಗೆ ವಯಸ್ಸು 18ರಿಂದ 60ರ ಒಳಗಿರಬೇಕು. ಇನ್ನೊಂದು ಮಾತು. 'ರಾಜ್ಯ' ಅಂತ ಕೇಳಿದಲ್ಲಿ ಒಮ್ಮೆ ಕರ್ನಾಟಕ, ಒಮ್ಮೆ ಮಹಾರಾಷ್ಟ್ರ ಹಾಕಿ ನೋಡಿ. ಊರಿನ ರೇಷನ್ ಕಾರ್ಡಿಗೆ ಪುಣೆಯಲ್ಲೂ ಧಾನ್ಯ ಸಿಗುತ್ತೆ ಅನ್ನೋದನ್ನಂತೂ ಮೊದಲೇ ಹೇಳಿಬಿಡಿ.