ಶಾರ್ಟ್ ಬೆಡ್ ಷೆವಿಗೆ ಒಂದು ಟನ್ ಗಾಡಿಯ ಆಕ್ಸಲ್: ನಾಲ್ಕು ವರ್ಷ ಓಡಿಸಿದ ಮೇಲೆ

ನನ್ನ ಹತ್ತಿರ 1979ರ ಷೆವರ್ಲೆ ಕೆ10 ಪಿಕಪ್ ಇದೆ. ಶಾರ್ಟ್ ಬೆಡ್, ಅಂದರೆ ಹಿಂದಿನ ತೊಟ್ಟಿ ಆರೂವರೆ ಅಡಿ. 350 ವಿ8 ಎಂಜಿನ್, ನಾಲ್ಕು ಗೇರಿನ ಮ್ಯಾನುಯಲ್, ಟೈರ್ 35 ಇಂಚು. ಇರುವುದು ಕೊಲೊರಾಡೊದಲ್ಲಿ. ಸಕಲೇಶಪುರದ ಕಡೆ ತೋಟದ ಜೀಪಿನಲ್ಲೇ ಬೆಳೆದವನಿಗೆ ಇಂಥ ಗಾಡಿ ಬಿಟ್ಟುಬರಲು ಆಗಲಿಲ್ಲ. ನಾಲ್ಕು ವರ್ಷದ ಹಿಂದೆ ಇದರ ಮುಂದಿನ, ಹಿಂದಿನ ಎರಡೂ ಆಕ್ಸಲ್ (ಎಡ ಬಲ ಚಕ್ರಗಳನ್ನು ಜೋಡಿಸಿ ತಿರುಗಿಸುವ ಭಾಗ) ಇಳಿಸಿ, ಷೆವರ್ಲೆಯದೇ ಹೆಚ್ಚು ಭಾರ ಹೊರುವ ಒಂದು ಟನ್ ವರ್ಗದ ಕೆ30 ಗಾಡಿಯವನ್ನು ಹಾಕಿಸಿದೆ. ಆಮೇಲೆ 31,000 ಮೈಲಿ ಓಡಿದೆ.

ಯಾಕೆ ಹಾಕಿಸಿದೆ ಅಂತ ಮೊದಲು ಹೇಳುತ್ತೇನೆ. ಚಳಿಗಾಲಕ್ಕೆ ಸೌದೆ ತುಂಬಿಕೊಂಡು ಕಾಡಿನ ಮಣ್ಣುರಸ್ತೆಯಲ್ಲಿ ಇಳಿಯುತ್ತಿದ್ದೆ. ಹಿಂದೆ ಬಲಗಡೆ ಏನೋ ಕಿರ್ ಅಂತು. ಕನ್ನಡಿಯಲ್ಲಿ ನೋಡಿದರೆ ಚಕ್ರ ಒಂದು ಗೇಣಿನಷ್ಟು ಹೊರಗೆ ಬಂದಿದೆ! ನಿಧಾನಕ್ಕೆ ಹೋಗುತ್ತಿದ್ದೆ, ಬಚಾವಾದೆ. ಆಕ್ಸಲಿನ ಒಳಗೆ ಚಕ್ರ ತಿರುಗಿಸುವ ಶಾಫ್ಟ್ ಮುರಿದಿತ್ತು. ಆ ಹಳೆಯ 12 ಬೋಲ್ಟಿನ ಆಕ್ಸಲ್ (ಬೋಲ್ಟಿನ ಲೆಕ್ಕ ಅದರ ಮುಚ್ಚಳದ್ದು) ಸೆಮಿ ಫ್ಲೋಟಿಂಗ್. ಗಾಡಿಯ ಭಾರವನ್ನೂ ಶಾಫ್ಟೇ ಹೊರಬೇಕು, ಚಕ್ರವನ್ನೂ ಅದೇ ತಿರುಗಿಸಬೇಕು. ಶಾಫ್ಟನ್ನು ಒಳಗೆ ಹಿಡಿದಿಡುವುದು ಒಂದು ಸಣ್ಣ ಸಿ ಕ್ಲಿಪ್. ಶಾಫ್ಟ್ ಮುರಿದರೆ ಚಕ್ರವೂ ಅದರ ಜೊತೆಗೇ ಹೊರಗೆ ಬರುತ್ತದೆ.

ನಮ್ಮೂರಿನ ಲಾರಿಗಳ ಹಿಂದಿನ ಚಕ್ರದ ನಟ್ಟನಡುವೆ ಸುತ್ತಲೂ ಬೋಲ್ಟ್ ಇರುವ ಹಬ್ ಮುಂದಕ್ಕೆ ಚಾಚಿಕೊಂಡಿರುತ್ತದೆ, ನೋಡಿರುತ್ತೀರಿ ಅಲ್ವಾ? ಅದು ಫುಲ್ ಫ್ಲೋಟಿಂಗ್. ಈಗ ನನ್ನ ಗಾಡಿಯ ಹಿಂದೆ ಇರುವ 14 ಬೋಲ್ಟಿನ ಆಕ್ಸಲ್ ಕೂಡ ಅದೇ ಜಾತಿ. ಭಾರ ಹೊರುವುದು ಹಬ್ ಮತ್ತು ಹೌಸಿಂಗ್, ಅಂದರೆ ಆಕ್ಸಲಿನ ಹೊರಕವಚ. ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಕ್ರೌನ್, ಅಂದರೆ ಒಳಗಿನ ದೊಡ್ಡ ಹಲ್ಲುಚಕ್ರ, 10.5 ಇಂಚು, ಹಳೆಯದರದ್ದು 8.875. ಕ್ರೌನನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ ಪಿನಿಯನ್; ಅದರ ಒಳತುದಿಗೂ ಒಂದು ಬೇರಿಂಗ್ ಕೊಟ್ಟಿದ್ದಾರೆ, ಹಾಗಾಗಿ ಭಾರ ಎಳೆಯುವಾಗ ಪಿನಿಯನ್ ಅಲುಗುವುದಿಲ್ಲ. ಮೊದಲ ಸಲ ಹಬ್ಬಿನ ಎಂಟು ಬೋಲ್ಟ್ ಬಿಚ್ಚಿ, ಜಾಕ್ ಇಡದೆ, ಚಕ್ರ ನೆಲದ ಮೇಲೆ ಇದ್ದಹಾಗೇ ಶಾಫ್ಟನ್ನು ಕೈಯಿಂದ ಎಳೆದು ತೆಗೆದಾಗ ಆದ ಖುಷಿ ಇವತ್ತಿಗೂ ನೆನಪಿದೆ.

ಇದು ಗುಜರಿಯಲ್ಲಿ 350 ಡಾಲರಿಗೆ ಸಿಕ್ಕಿತು. ನನ್ನ ಸ್ಪ್ರಿಂಗ್ ಪಟ್ಟಿಗಳ ಮೇಲೆ ನೇರವಾಗಿ ಕೂತಿತು. ಯು ಬೋಲ್ಟ್ ಮಾತ್ರ ದೊಡ್ಡವು ತರಬೇಕಾಯಿತು. ಪಿನಿಯನ್ ಉದ್ದ ಇರುವುದರಿಂದ ಎಂಜಿನ್ ಕಡೆಯಿಂದ ಆಕ್ಸಲಿಗೆ ತಿರುಗುಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕುಯ್ಸಿ ಗಿಡ್ಡ ಮಾಡಿಸಬೇಕು. ನನಗೆ ಜಾಸ್ತಿ ತಲೆನೋವು ಕೊಟ್ಟಿದ್ದು ಇದೇ. ಕೊಟ್ಟ ವರ್ಕ್‌ಶಾಪಿನವರು ಬ್ಯಾಲೆನ್ಸ್ ಮಾಡದೆ ವಾಪಸ್ ಕೊಟ್ಟರು. 55 ಮೈಲಿ ವೇಗ ದಾಟಿದರೆ ಸೀಟೆಲ್ಲ ನಡುಗುತ್ತಿತ್ತು. ಮೂರು ತಿಂಗಳಲ್ಲಿ ಒಂದು ಯುಜೆ ಕ್ರಾಸ್ (ಶಾಫ್ಟ್ ಓರೆಯಾದರೂ ತಿರುಗುವಂತೆ ಮಾಡುವ ಕೀಲು) ಹೋಯಿತು. ಬೇರೆ ಕಡೆ ಬ್ಯಾಲೆನ್ಸ್ ಮಾಡಿಸಿ, ಸ್ಪ್ರಿಂಗಿನ ಕೆಳಗೆ ಸಣ್ಣ ಆಪು ಕೊಟ್ಟು ಪಿನಿಯನ್ನಿನ ಕೋನ ಸರಿಮಾಡಿದ ಮೇಲೆ ನಿಂತಿತು.

ಮುಂದಿನ ಚಕ್ರಗಳಿಗೆ ಹಾಕಿಸಿದ ಆಕ್ಸಲ್ ಡಾನಾ 60, ಡಾನಾ ಕಂಪನಿಯ ಗಟ್ಟಿ ಮಾದರಿ. ಇದಕ್ಕೆ 2,200 ಡಾಲರ್ ಕೊಟ್ಟೆ. ಕಿಂಗ್ ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಗೂಟ) ಇರುವ ಈ ಹಳೆಯ ಷೆವಿ ಡಾನಾಗೆ ಬೇಡಿಕೆ ಜಾಸ್ತಿ, ಸಿಗುವುದು ಕಮ್ಮಿ. ಇಲ್ಲಿನ ಮಸ್ಕೀಟೊ ಪಾಸ್ ಅನ್ನುವ ಘಾಟಿ 13,185 ಅಡಿ ಎತ್ತರ, ಬರೀ ಕಲ್ಲಿನ ದಾರಿ. ಅಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿಕೊಂಡು ಹತ್ತಿಸುವಾಗ ಮೊದಲೆಲ್ಲ ಮುಂದಿನ ಆಕ್ಸಲಿನ ಯುಜೆ ಕ್ರಾಸ್ ಎಲ್ಲಿ ಮುರಿದುಹೋಗುತ್ತದೋ ಅಂತ ಜೀವ ಹಿಡಿದುಕೊಂಡಿರುತ್ತಿದ್ದೆ. ಈಗ ಆ ಭಯ ಇಲ್ಲ. ಆದರೂ ನೇರವಾಗಿ ಹೇಳುತ್ತೇನೆ: 35 ಇಂಚಿನ ಟೈರಿಗೆ ಇಷ್ಟು ಬೇಕಾಗಿರಲಿಲ್ಲ. ಮುಕ್ಕಾಲು ಟನ್ನಿನ ಕೆ20 ಗಾಡಿಯ ಮುಂದಿನ ಆಕ್ಸಲ್ ಸಾಕಿತ್ತು. ಅದರಲ್ಲೂ ಎಂಟು ನಟ್ಟಿನ ಹಬ್ ಬರುತ್ತದೆ, ಹಿಂದಿನ ಚಕ್ರಕ್ಕೆ ಹೊಂದುತ್ತದೆ, ದುಡ್ಡೂ ಉಳಿಯುತ್ತದೆ. 37 ಇಂಚಿನ ಟೈರಿಗಿಂತ ಮೇಲೆ ಹೋಗುವವರು ಡಾನಾ 60 ಹುಡುಕಲಿ. ಹಿಂದಿನದು ಮಾತ್ರ ಯಾರು ಕೇಳಿದರೂ ಕಣ್ಣುಮುಚ್ಚಿ ಹಾಕಿಸಿ ಅನ್ನುತ್ತೇನೆ.

ಚಕ್ರದ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಕೆ10ಕ್ಕೆ ಆರು ನಟ್, ಇವಕ್ಕೆ ಎಂಟು. ನಾಲ್ಕು ಚಕ್ರ, ಜೊತೆಗೆ ಸ್ಟೆಪ್ನಿ, ಐದೂ ಹೊಸದು.

ದಿನನಿತ್ಯದ ಓಡಾಟದಲ್ಲಿ ಗಾಡಿಯ ಸ್ವಭಾವವೇ ಬದಲಾಗಿದೆ. ತೊಟ್ಟಿ ಖಾಲಿ ಇದ್ದಾಗ ಸಣ್ಣ ಗುಂಡಿಗೂ ಹಿಂಭಾಗ ಎಗರುತ್ತದೆ. ಕೆಳಗೆ ಭಾರ, ಮೇಲೆ ಏನೂ ಇಲ್ಲ, ಅದಕ್ಕೆ. ಎರಡು ಮೂಟೆ ಮರಳು ಹಾಕಿಕೊಂಡರೆ ತಣ್ಣಗಾಗುತ್ತದೆ. ಮೈಲೇಜ್ ಗ್ಯಾಲನ್ನಿಗೆ 13 ಮೈಲಿ ಇದ್ದದ್ದು 11ಕ್ಕೆ ಬಂತು. ಆಕ್ಸಲಿನ ಗೇರ್ ಅನುಪಾತ (ಚಕ್ರದ ಒಂದು ಸುತ್ತಿಗೆ ಪಿನಿಯನ್ ಎಷ್ಟು ಸುತ್ತು ಅನ್ನುವುದು) 3.73 ಇದ್ದದ್ದು 4.10 ಆಗಿರುವುದರಿಂದ ಏರಿನಲ್ಲಿ ಎಳೆತ ಚೆನ್ನಾಗಿದೆ, ಹೈವೇಯಲ್ಲಿ ಎಂಜಿನ್ ಕೂಗು ಜಾಸ್ತಿ.

ರಿಪೇರಿಗೆ ಬಂದದ್ದು ಮೂರು. ಎರಡನೇ ವರ್ಷ ಹಿಂದಿನ ಎಡಗಡೆ ಹಬ್ಬಿನ ಸೀಲ್ ಸೋರಿ ಬ್ರೇಕ್ ಲೈನರ್ ಗೇರ್ ಆಯಿಲಿನಲ್ಲಿ ನೆನೆದುಹೋಯಿತು. ಈ ಹಳೆಯ ಆಕ್ಸಲಿನಲ್ಲಿ ಡ್ರಮ್ ಹೊರಗೆ ಬರಬೇಕಾದರೆ ಹಬ್ಬೇ ಬಿಚ್ಚಬೇಕು. ಡ್ರಮ್, ಹಬ್ ಎರಡೂ ಸೇರಿ ಎದೆಗೆ ಒರಗಿಸಿಕೊಂಡು ಎತ್ತುವ ಭಾರ. ಮುಂದೆ ಕಿಂಗ್ ಪಿನ್ನಿನ ಮೇಲಿನ ಬುಷ್ ಸವೆದು 40 ಮೈಲಿ ವೇಗದಲ್ಲಿ ಸ್ಟೇರಿಂಗ್ ಕೈಯಲ್ಲಿ ಹೊಡೆದುಕೊಳ್ಳುತ್ತಿತ್ತು. ಬುಷ್, ಅದರ ಮೇಲಿನ ಸ್ಪ್ರಿಂಗ್ ಎರಡನ್ನೂ ಬದಲಾಯಿಸಿದೆ, ಸರಿಹೋಯಿತು. ಮೂರನೆಯದು ಚಾಸಿಯದ್ದು. ಸ್ಟೇರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಈ ಮಾದರಿಯ ಗಾಡಿಗಳಿಗೆ ಇದು ಹಳೆಯ ಕಾಯಿಲೆ, ದೊಡ್ಡ ಟೈರು ಹಾಕಿದರೆ ಬೇಗ ಬರುತ್ತದೆ. ವೆಲ್ಡ್ ಮಾಡಿಸಿ ಒಳಗೊಂದು ಪ್ಲೇಟ್ ಕೊಡಿಸಿದೆ. ಆಕ್ಸಲ್ ಕೂರಿಸುವ ದಿನವೇ ಆ ಪ್ಲೇಟ್ ಹಾಕಿಸಿಬಿಡಿ.

ಕೊಳ್ಳಲು ಹೋಗುವವರಿಗೆ ಇನ್ನೆರಡು ಮಾತು. ಫೋರ್ಡಿನ ಡಾನಾ 60 ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಅದರ ಕ್ರೌನ್ ಇರುವ ಗುಂಡು ಚಾಲಕನ ಕಡೆಗಿದೆ, ಷೆವಿಗೆ ಬೇಕಾದ್ದು ಪಕ್ಕದ ಸೀಟಿನ ಕಡೆ. ಆಮೇಲೆ, ಮುಂದಿನದರ, ಹಿಂದಿನದರ ಗೇರ್ ಅನುಪಾತ ಒಂದೇ ಇರಬೇಕು. ಮಾರುವವರ ಬಾಯಿಮಾತು ನಂಬಬೇಡಿ. ಜೇಬಿನಲ್ಲಿ ಒಂದು ಸೀಮೆಸುಣ್ಣ ಇಟ್ಟುಕೊಂಡು ಹೋಗಿ. ಹಬ್ಬಿಗೊಂದು, ಪಿನಿಯನ್ನಿಗೊಂದು ಗೆರೆ ಎಳೆಯಿರಿ. ಎರಡೂ ಕಡೆಯ ಹಬ್ಬನ್ನು ಒಟ್ಟಿಗೆ ಸರಿಯಾಗಿ ಒಂದು ಸುತ್ತು ತಿರುಗಿಸಿ. ಪಿನಿಯನ್ ನಾಲ್ಕು ಸುತ್ತು ಮುಗಿಸಿ ಇನ್ನೂ ಒಂದು ಚೂರು ಮುಂದೆ ಹೋಗಿ ನಿಂತರೆ ಅದು 4.10.